ಬ್ಯಾಟರಿ ಸೋತಾಗ ಬೇಸ್ ಗಿಟಾರ್ ಗುರುಗುಟ್ಟುವುದೇಕೆ?

ಕಬ್ಬು ನುರಿಸುವ ಹಂಗಾಮಿನ ಒಂದು ಸಂಜೆ ಸಮೀರವಾಡಿಯಲ್ಲಿ ಆರ್ಕೆಸ್ಟ್ರಾವೊಂದನ್ನು ಚಿತ್ರೀಕರಿಸುತ್ತಿದ್ದೆವು. ಮೂರನೆಯ ಹಾಡಿನ ನಡುವೆ ಬೇಸ್ ಗಿಟಾರಿನ ದನಿ ಒಡೆದು ಗುರುಗುಟ್ಟತೊಡಗಿತು. ನುಡಿಸುತ್ತಿದ್ದ ಹುಡುಗ ಬೆವೆತುಹೋದ, ವಾದ್ಯ ಬಾಡಿಗೆಯದು! ಕೆಟ್ಟದ್ದು ವಾದ್ಯವಲ್ಲ. ಅವನು ವಾರಗಟ್ಟಲೆ ಕೇಬಲನ್ನು ಅದಕ್ಕೆ ಸಿಕ್ಕಿಸಿಯೇ ಇಟ್ಟಿದ್ದ. ಇಂಥ ವಾದ್ಯಗಳಲ್ಲಿ ಪ್ಲಗ್ಗೇ ಬ್ಯಾಟರಿಯ ಸ್ವಿಚ್ಚು.

ವಿದ್ಯಾರ್ಥಿಗಳೇ, ಕೆಲವು ಬೇಸ್ ಗಿಟಾರುಗಳ ಒಡಲಲ್ಲಿ 9 ವೋಲ್ಟಿನ ಬ್ಯಾಟರಿಯೂ ಪುಟ್ಟದೊಂದು ಪ್ರೀ-ಆಂಪ್ಲಿಫೈಯರೂ ಇರುತ್ತವೆ. ತಂತಿ ಕಂಪಿಸಿದಾಗ ಪಿಕಪ್ಪಿನಲ್ಲಿ ಹುಟ್ಟುವ ಕ್ಷೀಣ ವೋಲ್ಟೇಜನ್ನು ಅದು ಹಿಗ್ಗಿಸುತ್ತದೆ. ಆದರೆ ಬ್ಯಾಟರಿ ಕೊಟ್ಟದ್ದಕ್ಕಿಂತ ಎತ್ತರದ ಅಲೆಯನ್ನು ಕೊಡಲಾರದು. ಕಬ್ಬು ಹೇರಿದ ಟ್ರೇಲರ್ ತಗ್ಗಾದ ಕಮಾನಿನಡಿ ನುಗ್ಗಿದರೆ ಮೇಲಿನ ಜಲ್ಲೆಗಳು ಸವರಿಹೋಗುವುದಿಲ್ಲವೇ? ಹಾಗೆಯೇ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಇದೇ ಕ್ಲಿಪಿಂಗ್.

ಈ ವಿಕೃತಿಯಿಂದ ಲಾಭವೂ ಉಂಟು. ಬೇಸಿನ ದಪ್ಪ ತಂತಿಯ ಮೂಲ ಕಂಪನ ಸುಮಾರು 41 ಹರ್ಟ್ಸ್. ಟಿ.ವಿ.ಯ ಪುಟ್ಟ ಸ್ಪೀಕರಿಗೆ ಇಷ್ಟು ತಗ್ಗಿನ ಸ್ವರ ದಕ್ಕುವುದಿಲ್ಲ (ನಮ್ಮ ವೃತ್ತಿಯ ಹಳೆಯ ಗೋಳು ಇದು). ನೆತ್ತಿ ಚಪ್ಪಟೆಯಾದಾಗ 124, 206 ಹರ್ಟ್ಸ್ ಹೀಗೆ ಮೂರರಷ್ಟು, ಐದರಷ್ಟು ಕಂಪನಗಳು ಬಲಗೊಳ್ಳುತ್ತವೆ. ತಂತಿಯ ಸಹಜ ಮೇಲುಸ್ವರಗಳೊಡನೆ ಅವನ್ನು ಕೇಳಿ, ಇಲ್ಲದ ಮೂಲ ಸ್ವರವನ್ನು ನಮ್ಮ ಮಿದುಳು ತಾನೇ ತುಂಬಿಕೊಳ್ಳುತ್ತದೆ.

ಇಂಥ ದನಿ ಮೊದಲು ಹೆಸರಾದದ್ದೂ ಒಂದು ಕೆಡುಕಿನಿಂದಲೇ. ಅಮೆರಿಕದ ನ್ಯಾಶ್‌ವಿಲ್ಲಿನಲ್ಲಿ ಮಾರ್ಟಿ ರಾಬಿನ್ಸ್ ಅವರ ಹಾಡೊಂದಕ್ಕೆ ಗ್ರೇಡಿ ಮಾರ್ಟಿನ್ ಆರು ತಂತಿಯ ಬೇಸ್ ನುಡಿಸುವಾಗ ಧ್ವನಿಮುದ್ರಣದ ಕನ್ಸೋಲ್ ಕೈಕೊಟ್ಟಿತು. 1961ರಲ್ಲಿ ಹೊರಬಂದ ಆ ಹಾಡು ಜನಪ್ರಿಯವಾಯಿತು. ಎಂಜಿನಿಯರ್ ಗ್ಲೆನ್ ಸ್ನೋಡಿ ಅದೇ ಗರಗರ ದನಿಯನ್ನು ಟ್ರಾನ್ಸಿಸ್ಟರುಗಳಿಂದ ಹೊರಡಿಸಿದರು; 1962ರಲ್ಲಿ ಮಾರುಕಟ್ಟೆಗೆ ಬಂದ ಮೇಸ್ಟ್ರೋ ಫಜ್-ಟೋನ್ ಅದರ ಫಲ. ಅದಕ್ಕೆ ಬೇಕಿದ್ದುದು ಬರೀ 3 ವೋಲ್ಟ್!

ಬೇಕೆಂದೇ ಬ್ಯಾಟರಿಯನ್ನು 'ಸೋಲಿಸಲು' ಅದರ ಧನ ತಂತಿಗೆ ಸರಣಿಯಲ್ಲಿ 10 ಕಿಲೋ ಓಮಿನ ಪೊಟೆನ್ಷಿಯೋಮೀಟರ್ ಸೇರಿಸಬೇಕು. ಮಂಡಲ ಅರ್ಧ ಮಿಲಿ ಆಂಪಿಯರ್ ಸೆಳೆದರೆ, ಓಮನ ನಿಯಮದಂತೆ ಅದರಲ್ಲಿ 5 ವೋಲ್ಟ್ ಬೀಳುತ್ತದೆ. ಪ್ರೀ-ಆಂಪ್ಲಿಫೈಯರಿಗೆ ಉಳಿಯುವುದು ನಾಲ್ಕೇ. ಆಗ ಮೆಲ್ಲನೆ ಮೀಟಿದರೆ ದನಿ ತಿಳಿ, ಜೋರಾಗಿ ಮೀಟಿದರೆ ಗುಡುಗು. ಪೊಟೆನ್ಷಿಯೋಮೀಟರಿಗೆ ಅಡ್ಡಲಾಗಿ ಸ್ವಿಚ್ಚೊಂದಿದ್ದರೆ ಬೇಡವೆಂದಾಗ ಪೂರ್ಣ ವೋಲ್ಟೇಜು ಮರಳುತ್ತದೆ. ಎಲ್ಲ ಐ.ಸಿ.ಗಳೂ ಇದಕ್ಕೆ ಒಗ್ಗುವುದಿಲ್ಲ. ಎಲ್‌ಎಂ 358 ಮೂರು ವೋಲ್ಟಿನಲ್ಲೂ ದುಡಿಯುತ್ತದೆ. ಬೇರೆ ಕೆಲವು ಉಸಿರು ಕಟ್ಟಿ ಸುಮ್ಮನಾಗುತ್ತವೆ. ಬ್ಯಾಟರಿಯಿಲ್ಲದ ಬೇಸಿನಲ್ಲಂತೂ ಈ ಪ್ರಯೋಗ ನಡೆಯದು.

ಮೊದಲು ವಾಲ್ಯೂಮ್ ತಗ್ಗಿಸಿ. ಕ್ಲಿಪ್ಪಾದ ಅಲೆ ಸ್ಪೀಕರನ್ನು ಹೆಚ್ಚು ಕಾಯಿಸಬಲ್ಲದು. ಮನೆಯ ಕರೆಂಟಿನಿಂದ ನಡೆಯುವ ಆಂಪ್ಲಿಫೈಯರನ್ನು ಮಾತ್ರ ಬಿಚ್ಚಲೇಬೇಡಿ. ವಾದ್ಯ ನಿಮ್ಮದಲ್ಲದಿದ್ದರೆ ಬೆಸುಗೆಯೂ ಬೇಡ: ಬ್ಯಾಟರಿಗೂ ವಾದ್ಯದ ಕ್ಲಿಪ್ಪಿಗೂ ನಡುವೆ, ಬೇರೆ ಎರಡು ಕ್ಲಿಪ್ಪುಗಳ ಮೂಲಕ ಪೊಟೆನ್ಷಿಯೋಮೀಟರನ್ನು ಜೋಡಿಸಿ, ಕೆಲಸವಾದ ಮೇಲೆ ಕಳಚಿಬಿಡಬಹುದು. ಆ ಹುಡುಗನಿಗೂ ನಾನು ಹೇಳಿದ್ದು ಇದನ್ನೇ.