ಕೊಂಬೆಗೂ ಬೇರು

ಕಾಮರ್ಸಿನವನಿಗೆ ಮರದ ಉಸಾಬರಿ ಯಾಕಪ್ಪಾ ಅಂತ ಗೆಳೆಯರು ನಗಬಹುದು. ನಗಲಿ. ಅಮೆರಿಕದ ಪಶ್ಚಿಮ ಕರಾವಳಿಯ ಒಂದು ಮರದ ವಿಷಯ ಓದಿದ ಮೇಲೆ ನನಗೆ ನಮ್ಮ ಬ್ಯಾಲೆನ್ಸ್ ಶೀಟಿನ ಬಗ್ಗೆಯೇ ಸ್ವಲ್ಪ ಅನುಮಾನ ಹುಟ್ಟಿದೆ.

ಮರದ ಹೆಸರು ಬಿಗ್‌ಲೀಫ್ ಮೇಪಲ್. ಕೆನಡಾದ ಬ್ರಿಟಿಷ್ ಕೊಲಂಬಿಯಾದಿಂದ ಕ್ಯಾಲಿಫೋರ್ನಿಯಾದವರೆಗೆ ಬೆಳೆಯುತ್ತದೆ. ಎಲೆ ಅಂದ್ರೆ ಎಲೆ! ಐದು ಸೀಳಿನ, ಹರಡಿದ ಅಂಗೈಯಂಥಾದ್ದು. ಅಗಲ ಸಾಮಾನ್ಯವಾಗಿ 15ರಿಂದ 30 ಸೆಂಟಿಮೀಟರು, ಕೆಲವು ಇನ್ನೂ ದೊಡ್ಡವು. ತೊಟ್ಟು ಮುರಿದರೆ ಹಾಲು. ಅಲ್ಲಿನ ಮೂಲನಿವಾಸಿಗಳು ಇದರಿಂದ ದೋಣಿಯ ಹುಟ್ಟು ಕೆತ್ತುತ್ತಿದ್ದರು. ಅವರ ಹಲವು ಭಾಷೆಗಳಲ್ಲಿ ಇದಕ್ಕೆ 'ಹುಟ್ಟಿನ ಮರ' ಅಂತಲೇ ಹೆಸರು.

ವಾಷಿಂಗ್ಟನ್ ರಾಜ್ಯದ ಹೋ ನದಿಯ ಕಣಿವೆಯಲ್ಲಿ ವರ್ಷಕ್ಕೆ ಸುಮಾರು 140 ಇಂಚು ಮಳೆ. ಅಲ್ಲಿ ಈ ಮರದ ತೊಗಟೆಯೇ ಸರಿಯಾಗಿ ಕಾಣದು. ಕೊಂಬೆಗಳಿಗೆ ಕಂಬಳಿ ಹೊದಿಸಿದ ಹಾಗೆ ಪಾಚಿ, ನಡುನಡುವೆ ಜರೀಗಿಡ. ಊರಲ್ಲಿ ನಮ್ಮಜ್ಜ ಮಾವಿನ ಮರಕ್ಕೆ ಬಂದಳಿಕೆ ಹತ್ತಿದರೆ ಆಳು ಹತ್ತಿಸಿ ಕಡಿಸುತ್ತಿದ್ದರು. ಬಂದಳಿಕೆ ಮರದ ರಸವನ್ನೇ ಹೀರುತ್ತೆ, ಅಜ್ಜನ ಲೆಕ್ಕ ಸರಿ. ಪಾಚಿ ಹಾಗಲ್ಲ. ಅದಕ್ಕೆ ಬೇಕಾದದ್ದು ಕೂರಲು ಜಾಗ ಅಷ್ಟೆ. ಮಳೆ, ಮಂಜು, ಧೂಳಿನಲ್ಲೇ ಹೊಟ್ಟೆ ಹೊರೆಯುತ್ತೆ. ಹಳೆಯದು ಸತ್ತು ಕೊಳೆತು ಕೊಂಬೆಯ ಮೇಲೇ ಮಣ್ಣಾಗುತ್ತದೆ.

ಆ ಮಣ್ಣು ಯಾರ ಖಾತೆಗೆ? ನಳಿನಿ ನಾಡಕರ್ಣಿ ಎಂಬ ವಿಜ್ಞಾನಿ (ತಂದೆ ಭಾರತದಿಂದ ಹೋದವರು) ಹಗ್ಗ ಕಟ್ಟಿಕೊಂಡು ಮರ ಹತ್ತಿ, ಪಾಚಿ ಬಿಡಿಸಿ ನೋಡಿದರು. ಒಳಗೆ ಬೇರುಗಳು! ಬೇರೆ ಯಾರದ್ದೂ ಅಲ್ಲ, ಮೇಪಲ್ಲಿನವೇ. 1981ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ನಮ್ಮ ಆಲದ ಬಿಳಲು ನೆಲ ಹುಡುಕಿಕೊಂಡು ಇಳಿಯುತ್ತೆ. ಇವು ಇಳಿಯುವುದಿಲ್ಲ; ಕೊಂಬೆಯಿಂದ ಹೊರಟು ಅಲ್ಲೇ ಪಾಚಿಯ ಮಣ್ಣಿನಲ್ಲಿ ಹರಡಿ ನೀರು, ಸಾರ ಹೀರುತ್ತವೆ. ನಾನು ಸಾಲದ ಬದಿಗೆ ಬರೆಯಲಿದ್ದ ಪಾಚಿ ಆಸ್ತಿಯ ಬದಿಗೆ ಹೋಯಿತು.

ಹೂವಿನ ವ್ಯಾಪಾರ ಎಂಥದು ಅಂತ ದಾದರಿನ ಪೇಟೆ ನೋಡಿದ ನಮಗೆ ಹೇಳಬೇಕಿಲ್ಲ. ಅಲ್ಲಿಯೂ ಹೂವಿನಂಗಡಿಗಳ ಅಲಂಕಾರಕ್ಕೆಂದು ಕಾಡಿನ ಪಾಚಿಯನ್ನು ಸುಲಿದು ಮಾರುತ್ತಾರೆ. ಸುಲಿಯಲು ಗಳಿಗೆ ಸಾಕು, ಮತ್ತೆ ಬೆಳೆಯಲು ದಶಕಗಳು ಬೇಕು. ಬಿಲ್ಲಿನಲ್ಲಿ ಕೂಲಿ ಬರುತ್ತೆ, ಸಾಗಣೆ ಬರುತ್ತೆ. ಮರ ಕಳಕೊಂಡದ್ದರ ಬಾಬ್ತು ಬರೆಯಲು ನಮ್ಮ ಪಠ್ಯಪುಸ್ತಕದಲ್ಲಿ ನನಗೆ ಕಾಲಂ ಸಿಗಲಿಲ್ಲ. ಕಾಡಿನದನ್ನು ಕೀಳುವ ಬದಲು ಪಾಚಿಯನ್ನು ಬೆಳೆಸಿಯೇ ಮಾರಬಹುದೇ ಅಂತ ನಾಡಕರ್ಣಿಯವರು ವಾಷಿಂಗ್ಟನ್ ರಾಜ್ಯದ ಒಂದು ಜೈಲಿನಲ್ಲಿ ಪ್ರಯೋಗ ಶುರುಮಾಡಿದರು. ಕೈದಿಗಳು ಪಾಚಿಗೆ ನೀರು ಹಾಕಿ, ಎಷ್ಟು ಬೆಳೆಯಿತು ಅಂತ ಅಳೆದು ಬರೆದಿಟ್ಟರು.