ಒತ್ತಕ್ಷರ ಬರೆದು ನೋಡಿ ಪೆನ್ನು ಕೊಳ್ಳಿ

ಟೋಕಿಯೋದ ಗಿಂಜಾದಲ್ಲಿ ವಾರಾಂತ್ಯದ ಮಧ್ಯಾಹ್ನ ಚುಓ-ದೋರಿ ರಸ್ತೆಗೆ ವಾಹನಗಳನ್ನು ಬಿಡುವುದಿಲ್ಲ. ನಡುಬೀದಿಯಲ್ಲೇ ಆರಾಮಾಗಿ ಹೆಜ್ಜೆ ಹಾಕುತ್ತಾ ಬಂದರೆ, ಫ್ಯಾಷನ್ ಮಳಿಗೆಗಳ ಸಾಲಿನಲ್ಲಿ ಇಕ್ಕಟ್ಟಾಗಿ ನಿಂತ ಒಂದು ಕಟ್ಟಡ, ಅದರ ಮೇಲೊಂದು ಕೆಂಪು ಪೇಪರ್ ಕ್ಲಿಪ್. ಇದೇ ಇತೋಯಾ. 1904ರಲ್ಲಿ ಶುರುವಾದ ಸ್ಟೇಷನರಿ ಅಂಗಡಿ. ಈಗಿನ ಕಟ್ಟಡ 2015ರದ್ದು. ಕಾರ್ಡು, ಕಾಗದ, ನೋಟ್‌ಬುಕ್ಕುಗಳ ಮಹಡಿಗಳಲ್ಲಿ ಸಿಕ್ಕಿಬೀಳದೆ ನೇರವಾಗಿ ಇಂಕ್ ಪೆನ್ನುಗಳ ವಿಭಾಗಕ್ಕೆ ಹೋಗುವುದು ಕ್ಷೇಮ. ಜೇಬಿನಲ್ಲಿ ದುಡ್ಡು ಉಳಿದಿರಬೇಕಲ್ಲ!

ಗಾಜಿನ ಕಪಾಟುಗಳಲ್ಲಿ ಜಪಾನಿನ ಮೂರು ಹಳೆಯ ಕಂಪನಿಗಳ ದರ್ಬಾರು: ಸೇಲರ್ (1911), ಪೈಲಟ್ (1918), ಪ್ಲಾಟಿನಂ (1919). ಪ್ಲಾಟಿನಂನ ಪ್ರಸಿದ್ಧ ಪೆನ್ನಿನ ಹೆಸರೇ 3776, ಅಂದರೆ ಮೀಟರಿನಲ್ಲಿ ಫ್ಯೂಜಿ ಪರ್ವತದ ಎತ್ತರ. ಉರುಶಿ ಮೆರುಗಿನ ಮೇಲೆ ಚಿನ್ನದ ಪುಡಿಯಿಂದ ಚಿತ್ರ ಬಿಡಿಸಿದ ಮಾಕಿ-ಎ ಪೆನ್ನುಗಳೂ ಇವೆ. ಬೆಲೆಚೀಟಿ ಓದಿದ ಮೇಲೆ ಅವನ್ನು ಕಣ್ಣಲ್ಲೇ ಮುಟ್ಟಿದರೆ ಸಾಕೆನಿಸುತ್ತದೆ.

ಕೇಳಿದರೆ ಮಾರಾಟದಾಕೆ ಪೆನ್ನನ್ನು ಮೆತ್ತನೆಯ ಬಟ್ಟೆ ಹಾಸಿದ ತಟ್ಟೆಯಲ್ಲಿಟ್ಟು ತರುತ್ತಾಳೆ. ನಿಬ್ಬನ್ನು ಶಾಯಿಯಲ್ಲಿ ಅದ್ದಿ, ಒರೆಸಿ ಕೈಗಿಡುತ್ತಾಳೆ. ಜಪಾನೀಯರು ಇಲ್ಲಿ ಹೆಚ್ಚಾಗಿ ಬರೆದು ನೋಡುವುದು 永 ಎಂಬ ಅಕ್ಷರವನ್ನು. ಕುಂಚದ ಮೂಲ ಎಂಟು ಗೆರೆಗಳೂ ಅದರಲ್ಲಿವೆಯಂತೆ. ನಾನು ಬರೆದದ್ದು ‘ಸ್ತ್ರೀ’, ‘ಲಕ್ಷ್ಮಿ’, ‘ವೈಶಿಷ್ಟ್ಯ’. ಮೀಡಿಯಂ ನಿಬ್ಬಿನಲ್ಲಿ ‘ಷ್ಟ್ಯ’ದ ಒತ್ತುಗಳು ಶಾಯಿ ತುಂಬಿ ಒಂದಕ್ಕೊಂದು ಅಂಟಿಕೊಂಡವು. ಎಕ್ಸ್‌ಟ್ರಾ ಫೈನ್ ಒತ್ತುಗಳನ್ನೇನೋ ಬಿಡಿಬಿಡಿಯಾಗಿ ತೋರಿಸಿತು, ಆದರೆ ಮೇಲಕ್ಕೆ ತಿರುಗುವ ಕಡೆಯಲ್ಲೆಲ್ಲ ಕಾಗದ ಕೆರೆಯಿತು. 永ನಂಥ ಕಾಂಜಿ ಅಕ್ಷರ ಗೆರೆಗೆರೆಗೂ ನಿಂತು ಸಾಗುತ್ತದೆ. ನಮ್ಮದು ನಿಲ್ಲದೆ ಸುತ್ತುವ ಬರವಣಿಗೆ. ಫೈನ್ ಕೈಗೆ ಬಂದಾಗ ಎರಡೂ ತಾಪತ್ರಯ ತೀರಿತು. ಜಪಾನಿನ ಫೈನ್ ಎಂದರೆ ಹೆಚ್ಚುಕಡಿಮೆ ಯೂರೋಪಿನ ಎಕ್ಸ್‌ಟ್ರಾ ಫೈನ್, ಇದು ನೆನಪಿರಲಿ. ಸಾಫ್ಟ್ ಫೈನ್ ಒತ್ತಿದರೆ ಬಾಗುತ್ತದೆ. ಬಾಲ್‌ಪೆನ್ ಒತ್ತಿ ಒತ್ತಿ ಬರೆದ ಕೈಗೆ ಅದು ಬೇಡ.

ಆನ್‌ಲೈನಿನಲ್ಲಿ ಪೆನ್ನು ಇನ್ನೂ ಅಗ್ಗಕ್ಕೆ ಸಿಗಬಹುದು. ಆದರೆ ನಿಬ್ಬು ನಮ್ಮ ಲಿಪಿಗೆ ಒಗ್ಗುತ್ತದೆಯೇ ಎಂದು ಅಲ್ಲಿ ಕೇಳುವುದು ಯಾರನ್ನು?

ಬಿಲ್ ಹಾಕಿಸುವ ಮುನ್ನ, ಬಾಟಲಿ ಶಾಯಿ ತುಂಬಿಸಲು ಅದೇ ಕಂಪನಿಯ ಕನ್ವರ್ಟರ್ ಕೇಳಿ ತೆಗೆದುಕೊಳ್ಳಿ. ಈ ಮೂರು ಕಂಪನಿಗಳ ಕಾರ್ಟ್ರಿಜ್ ಅಳತೆ ಮೂರು ಬಗೆ, ಒಂದರದ್ದು ಇನ್ನೊಂದಕ್ಕೆ ಕೂರದು. ಪಾಸ್‌ಪೋರ್ಟ್ ಜೊತೆಗಿರಲಿ, ಪ್ರವಾಸಿಗರಿಗೆ 10% ಬಳಕೆ ತೆರಿಗೆಯಲ್ಲಿ ವಿನಾಯಿತಿ ಸೌಲಭ್ಯವಿದೆ. ಮಕ್ಕಳಿಗೆ ಕೊಡಲು ಪೈಲಟ್‌ನ ಕಾಕುನೊ ಒಳ್ಳೆಯದು. ನಿಬ್ಬಿನ ಮೇಲೆ ಪುಟ್ಟದೊಂದು ನಗುಮುಖವಿದೆ. ಆ ಮುಖ ನಮ್ಮನ್ನು ನೋಡುತ್ತಿದ್ದರೆ ಪೆನ್ನು ಹಿಡಿದದ್ದು ಸರಿ ಎಂದರ್ಥ.

ಇದೇ ರಸ್ತೆ ಮುಂದೆ ನಿಹೋನ್‌ಬಾಶಿಗೆ ಹೋಗುತ್ತದೆ. ಒಂದು ಕಾಲಕ್ಕೆ ಜಪಾನಿಗೆ ಇಂಗ್ಲೆಂಡಿನ ಓನೋಟೋ ಪೆನ್ನು ತರಿಸುತ್ತಿದ್ದ, 1869ರಲ್ಲಿ ಹುಟ್ಟಿದ ಮಾರುಝೆನ್ ಪುಸ್ತಕದಂಗಡಿಯ ಹೆಸರು ಬೆಸೆದುಕೊಂಡಿರುವುದು ಆ ಜಾಗದೊಂದಿಗೇ. ಆ ಕಾಲದ ಕಾದಂಬರಿಕಾರ ನತ್ಸುಮೆ ಸೋಸೆಕಿ 1912ರಲ್ಲಿ ತನ್ನ ಪೆನ್ನುಗಳ ಬಗ್ಗೆಯೇ ಒಂದು ಪ್ರಬಂಧ ಬರೆದ. ಆತನಿಗೆ ಬ್ಲೂ-ಬ್ಲ್ಯಾಕ್ ಒಗ್ಗದು, ಸೆಪಿಯಾ ಶಾಯಿಯೇ ಆಗಬೇಕು. ನನ್ನ ಪಕ್ಷವೂ ಅದೇ.

ಶಾಯಿ ಎಂದಾಗ ವಿಮಾನದ ಮಾತು ಬಂತು. ಪೈಲಟ್‌ನ ಇರೋಶಿಝುಕು ಶಾಯಿ 50 ಮಿ.ಲೀ. ಬಾಟಲಿಯಲ್ಲಿ ಸಿಗುತ್ತದೆ, 100 ಮಿ.ಲೀ. ಮಿತಿಯೊಳಗಿರುವುದರಿಂದ ಕೈಚೀಲಕ್ಕೆ ಅಡ್ಡಿಯಿಲ್ಲ. ಅರ್ಧ ತುಂಬಿದ ಪೆನ್ನು ಮಾತ್ರ ಬೇಡ. ವಿಮಾನ ಮೇಲೇರಿದಂತೆ ಒಳಗಿನ ಗಾಳಿ ಹಿಗ್ಗಿ ಶಾಯಿಯನ್ನು ಹೊರದಬ್ಬುತ್ತದೆ. ಪೂರ್ತಿ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ, ನಿಬ್ಬು ಮೇಲ್ಮುಖವಾಗಿರುವಂತೆ ಇಟ್ಟುಕೊಳ್ಳಿ. ಬಿಳಿ ಅಂಗಿ ತೊಟ್ಟಿದ್ದರಂತೂ ಖಾಲಿ ಪೆನ್ನೇ ವಾಸಿ.