ಗರ್ಭಕೋಶ ತೆಗೆಸುವ ಮುನ್ನ ಮೂರು ಮಾತು ಕೇಳಿ

ಕೆತ್ತಿ: ಕ್ಯಾರೆಟ್ ಮೂಟೆ ಮೇಟ್ಟುಪಾಳ್ಯದ ಮಂಡಿಗೆ ಇಳಿಯುವ ಮೊದಲು ಈ ಕಣಿವೆಯ ರೈತ ನಾಲ್ಕು ಕಡೆ ರೇಟು ವಿಚಾರಿಸುತ್ತಾನೆ. ಅದೇ ಮನೆಯಾಕೆಗೆ ‘ಗರ್ಭಕೋಶ ತೆಗೆಸಿಬಿಡಿ’ ಎಂದರೆ ಎಷ್ಟೋ ಮನೆಗಳಲ್ಲಿ ಏನೂ ಕೇಳದೆ ಕಾಗದಕ್ಕೆ ಸಹಿ ಬೀಳುತ್ತದೆ.

ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು ಕಲಬುರಗಿ ಜಿಲ್ಲೆ ತೋರಿಸಿಕೊಟ್ಟಿದೆ. ಬೆನ್ನುನೋವು, ಬಿಳಿಮುಟ್ಟು ಎಂದು ಹೋದ ತಾಂಡಾದ ಹೆಂಗಸರ ಗರ್ಭಕೋಶವನ್ನೇ ತೆಗೆದ ಪ್ರಕರಣಗಳು 2015ರಲ್ಲಿ ತನಿಖೆಗೆ ಬಂದವು. ಅನಗತ್ಯ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು.

ಮೊದಲ ಮಾತು: ಇದು ಬೇಕೇ ಬೇಕಾ? ಕ್ಯಾನ್ಸರ್ ಇದ್ದರೆ, ಔಷಧಕ್ಕೆ ಬಗ್ಗದ ರಕ್ತಸ್ರಾವವಿದ್ದರೆ, ದೊಡ್ಡ ಗಡ್ಡೆ ಕಾಡುತ್ತಿದ್ದರೆ, ಕೋಶ ಕೆಳಗೆ ಜಾರಿದ್ದರೆ ಬೇಕಾಗಬಹುದು. ಬರೀ ಬಿಳಿಮುಟ್ಟಿಗೆ ಮಾತ್ರೆ ಸಾಕು. ಅನುಮಾನವಿದ್ದರೆ ಇನ್ನೊಬ್ಬ ಡಾಕ್ಟರನ್ನು ಕಾಣಿ. ಊಟಿಯಲ್ಲೇ ಸರಕಾರಿ ಮೆಡಿಕಲ್ ಕಾಲೇಜಿನ 700 ಹಾಸಿಗೆಯ ಆಸ್ಪತ್ರೆ 2025ರಲ್ಲಿ ಉದ್ಘಾಟನೆಯಾಗಿದೆ. ಅಂಡಾಶಯ ಉಳಿಸುತ್ತೀರಾ ಎಂದೂ ಕೇಳಿ. ಚಿಕ್ಕ ವಯಸ್ಸಿಗೆ ಅದನ್ನೂ ತೆಗೆದರೆ ಮೂಳೆ ಸವೆಯುತ್ತದೆ, ಹೃದಯಕ್ಕೂ ತೊಂದರೆ.

ಎರಡನೆಯದು: ಯಾವ ದಾರಿಯಲ್ಲಿ? ದಾರಿ ಮೂರು. ಹೊಟ್ಟೆ ಕೊಯ್ದು ತೆಗೆಯುವುದು, ಯೋನಿದ್ವಾರದಿಂದ ತೆಗೆಯುವುದು, ಸಣ್ಣ ರಂಧ್ರಗಳಲ್ಲಿ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪರೋಸ್ಕೋಪಿ. ಸಾಧ್ಯವಿದ್ದಲ್ಲಿ ಕೆಳಗಿನ ದಾರಿಯೇ ಮೇಲು ಎನ್ನುತ್ತಾರೆ ತಜ್ಞರು. ಹೊಟ್ಟೆಯ ಮೇಲೆ ಗಾಯವಿಲ್ಲ, ಹೆಂಗಸು ಬೇಗ ಎದ್ದು ಓಡಾಡುತ್ತಾಳೆ. ಗಡ್ಡೆ ತೀರಾ ದೊಡ್ಡದಿದ್ದರೆ, ಕ್ಯಾನ್ಸರಿನ ಶಂಕೆಯಿದ್ದರೆ ಹೊಟ್ಟೆ ಕೊಯ್ಯಬೇಕಾಗಬಹುದು. ನಿಮಗೆ ಯಾವುದು, ಯಾಕೆ ಎಂದು ಡಾಕ್ಟರ ಬಾಯಿಂದಲೇ ಕೇಳಿ ತಿಳಿಯಿರಿ.

ಮೂರನೆಯದು: ನಂಜಾಗದಂತೆ ಏನು ಮಾಡುತ್ತೀರಿ? ಈ ಆಪರೇಷನ್ನಿನಲ್ಲಿ ಯೋನಿಯ ಕಡೆಯಿಂದ ಹೊಟ್ಟೆಯೊಳಕ್ಕೆ ದಾರಿ ತೆರೆಯುತ್ತದೆ. ಅಲ್ಲಿ ಸಹಜವಾಗಿರುವ ಸೂಕ್ಷ್ಮಾಣುಗಳು ಒಳಗೆ ಹೊಕ್ಕರೆ ಕೀವು. ಆದ್ದರಿಂದ ಕತ್ತಿ ಮುಟ್ಟಿಸುವ ಮೊದಲಿನ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಇಂಜೆಕ್ಷನ್ ಕೊಡಬೇಕು. ಆಮೇಲೆ ವಾರಗಟ್ಟಲೆ ಮಾತ್ರೆ ನುಂಗುವುದು ಇದಕ್ಕೆ ಸಮವಲ್ಲ. ಮನೆಯ ಕೆಲಸವೂ ಇದೆ. ಹಿಂದಿನ ದಿನ ಸೋಪು ಹಚ್ಚಿ ಸ್ನಾನ ಮಾಡಿ. ಬ್ಲೇಡಿನಿಂದ ಕೂದಲು ಬೋಳಿಸಬೇಡಿ, ಬ್ಲೇಡಿನ ಗೀರಿನಲ್ಲೇ ನಂಜು ಕೂರುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಮೊದಲು ಹತೋಟಿಗೆ ತನ್ನಿ. ದುರ್ವಾಸನೆಯ ಸ್ರಾವವಿದ್ದರೆ ಮುಚ್ಚಿಡದೆ ಹೇಳಿ.

ಹಟ್ಟಿಗೆ ಮರಳಿದ ಮೇಲೂ ಎಚ್ಚರ ಬೇಕು. ಆರು ವಾರ ನೀರಿನ ಕೊಡ, ಸೌದೆ ಹೊರೆ, ತರಕಾರಿ ಮೂಟೆ ಎತ್ತುವಂತಿಲ್ಲ. ಗಂಡ-ಹೆಂಡಿರ ಕೂಡುವಿಕೆಯೂ ಅಷ್ಟು ದಿನ ಬೇಡ. ‘ಕೊಯ್ಲಿನ ಟೈಮು, ಸ್ವಲ್ಪ ಕೈಹಚ್ಚು’ ಎಂದು ಅತ್ತೆ ಹೇಳಿದರೆ ಗಂಡನೇ ಅಡ್ಡ ನಿಲ್ಲಲಿ. ಜ್ವರ 100.4 ದಾಟಿದರೆ, ಹೊಲಿಗೆ ಕೆಂಪಾಗಿ ಕೀವಾದರೆ, ವಾಸನೆಯ ಸ್ರಾವ, ಹೆಚ್ಚು ರಕ್ತ ಕಂಡರೆ ಅಂದೇ ಆಸ್ಪತ್ರೆಗೆ ಹೊರಡಿ. ಬೆಟ್ಟದ ದಾರಿಯಲ್ಲಿ ಬೆಳಗಾಗಲಿ ಎಂದು ಕಾಯುವುದು ದುಬಾರಿ.

ಕೊನೆಗೊಂದು ಮಾತು. ಡಿಸ್ಚಾರ್ಜ್ ಚೀಟಿ ತಮಿಳಿನಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಓದಿಸಿ ತಿಳಿದುಕೊಳ್ಳಿ. ತೆಗೆದ ಕೋಶದ ಲ್ಯಾಬ್ ರಿಪೋರ್ಟನ್ನೂ ಕೇಳಿ ಪಡೆದು, ಪಟ್ಟಾ ಪುಸ್ತಕದ ಜೊತೆಗೇ ಜೋಪಾನವಾಗಿಡಿ.